ನಲವತ್ತೊಂದನೆಯ ನಡೆಗೆ ಮೂರು ಸಾಕ್ಷಿ

ಆ ವರದಿಯ ಕೆಳಗಿದ್ದ ಮೂರು ಸಹಿಗಳಲ್ಲಿ ಒಂದು ನನ್ನದು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಮುಂದೆ ಬರೆಯುವುದೆಲ್ಲ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡ ಹಾಗೆ ಕೇಳಿಸುತ್ತದೆ. ಮೈಸೂರಿನ ಚೆಸ್ ವಲಯದಲ್ಲಿ ನಾನು ಜಗಳಗಂಟಿ ಎಂದು ಈಗ ಹೆಸರಾಗಿದೆ. ಆಗಲಿ ಬಿಡಿ. ಆದರೆ ಆ ಜಗಳ ಶುರುವಾದದ್ದು ನನ್ನ ಕೈಯಿಂದಾದ ತಪ್ಪಿನಿಂದಲೇ. ಅದನ್ನು ಯಾರೂ ನನಗೆ ನೆನಪಿಸಬೇಕಾಗಿಲ್ಲ.

ವಾರವಿಡೀ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಭಾನುವಾರ ಬಂದರೆ ಚೆಸ್ ಪಂದ್ಯಗಳಲ್ಲಿ ತೀರ್ಪುಗಾರ್ತಿ. ಆ ಭಾನುವಾರ ನಗರ ತಂಡದ ಆಯ್ಕೆ ಪಂದ್ಯದ ಕೊನೆಯ ಸುತ್ತು. ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಮೊದಲನೇ ಮೇಜಿನಲ್ಲಿ ಬಿಳಿ ಕಾಯಿ ಹಿಡಿದು ಕೂತಿದ್ದವರು ಊರಿನ ಅನುಭವಿ ಆಟಗಾರರು; ಗೆದ್ದರೆ ಆ ಜಾಗ ಅವರದು. ಎದುರಿಗೆ ಕಪ್ಪು ಕಾಯಿಯಲ್ಲಿ ಹಿನಕಲ್‌ನ ಒಬ್ಬ ಹೆಣ್ಣುಮಗಳು, ವಯಸ್ಸು ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ. ಕಡಕೊಳದ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವ ಕೆಲಸ ಆಕೆಯದು. ಆಟದ ಲೆಕ್ಕದಲ್ಲಿ ಕಾರ್ಖಾನೆಯವರು ರಜೆ ಕೊಟ್ಟು ಕಳಿಸಿದ್ದರು. ಆಕೆ ಆಟವನ್ನು ಸಮ ಮಾಡಿಕೊಂಡರೂ ಸಾಕಿತ್ತು, ಜಾಗ ಸಿಗುತ್ತಿತ್ತು.

ನಲವತ್ತು ನಡೆ ಮುಗಿದಾಗ ಆಕೆಯ ಸ್ಥಿತಿ ಚೆನ್ನಾಗಿರಲಿಲ್ಲ. ಬಿಳಿಯ ಬಳಿ ಒಂದು ಆನೆ, ಒಂದು ಕುದುರೆ, ಐದು ಕಾಲಾಳು. ಕಪ್ಪಿನ ಬಳಿ ಒಂದು ಆನೆ, ಒಂದು ಒಂಟೆ, ನಾಲ್ಕು ಕಾಲಾಳು. ಬಿಳಿಯ ಆ ಹೆಚ್ಚುವರಿ ಕಾಲಾಳು ಹಲಗೆಯ ಅಂಚಿನಲ್ಲಿ ಒಂಟಿಯಾಗಿ ನಡೆದು ಬರುತ್ತಿತ್ತು. ಕೊನೆಯ ಮನೆ ಮುಟ್ಟಿದರೆ ಅದು ರಾಣಿಯಾಗುತ್ತದೆ, ಆಟ ಅಲ್ಲಿಗೆ ಮುಗಿಯುತ್ತದೆ. ಚೆಸ್ ಕಲಿತ ಯಾರನ್ನು ಕೇಳಿದರೂ ಆನೆಯನ್ನು ಆ ಕಾಲಾಳಿನ ಹಿಂದಕ್ಕೆ ಹಾಕು ಅನ್ನುತ್ತಾರೆ. ಪಕ್ಕದಲ್ಲಿ ನಿಂತಿದ್ದ ನಾನೂ ಮನಸ್ಸಿನಲ್ಲೇ ಅದನ್ನೇ ಆಡಿಬಿಟ್ಟಿದ್ದೆ. ಆಕೆ ಹನ್ನೊಂದು ನಿಮಿಷ ತೆಗೆದುಕೊಂಡಳು. ಅದರಲ್ಲಿ ನಾಲ್ಕು ನಿಮಿಷ ಮೇಜಿನ ಮುಂದೆ ಇರಲಿಲ್ಲ, ಬಾತ್‌ರೂಮಿಗೆ ಹೋಗಿದ್ದಳು. ಬಂದು ಕೂತವಳೇ ಆನೆಯಿಂದ ಕುದುರೆಯನ್ನು ಹೊಡೆದಳು. ಆ ಆನೆಯನ್ನು ಬಿಳಿಯ ರಾಜ ತಿಂದುಹಾಕಿದ.

ದೊಡ್ಡ ಕಾಯಿ ಕೊಟ್ಟು ಚಿಕ್ಕ ಕಾಯಿ ತೆಗೆದುಕೊಂಡರೆ ನೋಡುವವರಿಗೆ ಅದು ಹುಚ್ಚೇ. ಎದುರಾಳಿಯ ಮುಖದಲ್ಲಿ ಒಂದು ನಗೆಯೂ ಹಾದುಹೋಯಿತು. ಆದರೆ ಎರಡು ನಡೆಯ ನಂತರ ಅಂಚಿನ ಆ ಕಾಲಾಳು ಆಕೆಯ ಒಂಟೆಗೆ ಸಿಕ್ಕಿತು. ಮುಂದಿನ ಹತ್ತು ನಡೆಗಳಲ್ಲಿ ಉಳಿದ ಕಾಲಾಳುಗಳೆಲ್ಲ ಇನ್ನೊಂದು ಬದಿಯಲ್ಲಿ ಎದುರುಬದುರು ನಿಂತು ಬೀಗ ಹಾಕಿದ ಹಾಗಾಯಿತು. ಬಿಳಿಯ ಬಳಿ ಆನೆ ಇತ್ತು, ಆದರೆ ಬಿಳಿಯ ರಾಜನಿಗೆ ಒಳಗೆ ಬರಲು ದಾರಿ ಇರಲಿಲ್ಲ. ಬರಬಹುದಾದ ಮನೆಗಳೆಲ್ಲ ಒಂಟೆ ಕಾಯುವ ಬಣ್ಣದವು. ಇದಕ್ಕೆ ನಾವು ಕೋಟೆ ಕಟ್ಟುವುದು ಅನ್ನುತ್ತೇವೆ. ಎದುರಾಳಿ ಸುಮಾರು ಅರವತ್ತು ನಡೆ ಬಾಗಿಲು ಹುಡುಕಿದರು, ಸಿಗಲಿಲ್ಲ. ಐವತ್ತು ನಡೆಗಳ ತನಕ ಯಾವ ಕಾಯಿಯೂ ಬೀಳದೆ, ಯಾವ ಕಾಲಾಳೂ ಸರಿಯದೆ ಹೋದರೆ ಆಟ ಸಮ ಎಂಬ ನಿಯಮವಿದೆ. ನೂರಮೂರನೆಯ ನಡೆಗೆ ಆಕೆ ಅದನ್ನು ಕೇಳಿದಳು, ಗಡಿಯಾರ ನಿಲ್ಲಿಸಿದೆವು.

ಅರ್ಧ ಗಂಟೆಯೊಳಗೆ ಲಿಖಿತ ದೂರು ಬಂತು. ಬಾತ್‌ರೂಮಿನಲ್ಲಿ ಫೋನ್ ನೋಡಿ ಬಂದಿದ್ದಾಳೆ, ಆ ನಡೆಯನ್ನು ಮನುಷ್ಯರು ಆಡುವುದಿಲ್ಲ ಎಂದು ಎದುರಾಳಿ ಬರೆದಿದ್ದರು. ಆಕೆಯ ಫೋನ್ ಬೆಳಿಗ್ಗೆಯೇ ನಮ್ಮ ಮೇಜಿನ ಮೇಲೆ, ನಂಬರ್ ಬರೆದ ಕವರಿನಲ್ಲಿತ್ತು. ಇನ್ನೊಂದು ಫೋನ್ ಇದ್ದಿರಬಹುದಲ್ಲ ಎಂದರು ಅವರು. ಇರಲಿಲ್ಲ ಎಂದು ಸಾಬೀತು ಮಾಡುವುದು ಹೇಗೆ? ಮುಖ್ಯ ತೀರ್ಪುಗಾರರು, ಸಂಘದ ಕಾರ್ಯದರ್ಶಿಗಳು ಇಬ್ಬರೂ ನನ್ನ ಕಡೆ ತಿರುಗಿದರು. ಕಂಪ್ಯೂಟರ್ ಗೊತ್ತಿರುವವಳು ನಾನು ತಾನೇ.

ಮುಖ್ಯ ತೀರ್ಪುಗಾರರ ಬಗ್ಗೆ ಒಂದು ಮಾತು ಹೇಳಬೇಕು. ಎಪ್ಪತ್ತು ದಾಟಿದವರು, ನಮಗೆಲ್ಲ ಹಿರಿಯರು; ಜಯಲಕ್ಷ್ಮಿಪುರಂನಲ್ಲಿ ಮನೆ. ಅವರ ತಾತ ಅರಮನೆಯ ಗ್ರಂಥಭಂಡಾರದಲ್ಲಿ ಕೆಲಸ ಮಾಡಿದವರಂತೆ. ನನಗೆ ಚೆಸ್ ನಿಯಮಗಳನ್ನು ಒಂದೊಂದಾಗಿ ಕಲಿಸಿದ್ದು, ತೀರ್ಪುಗಾರ್ತಿಯ ಪರೀಕ್ಷೆಗೆ ಕೂರಿಸಿದ್ದು, ಗಂಡಸರೇ ತುಂಬಿದ ಹಾಲಿನಲ್ಲಿ ನನಗೊಂದು ಕುರ್ಚಿ ಹಾಕಿಸಿದ್ದು ಅವರೇ. ಅವರ ಎದುರು ನಾನು ಅಲ್ಲಿಯವರೆಗೆ ದನಿ ಏರಿಸಿದವಳಲ್ಲ.

ನಾನು ಲ್ಯಾಪ್‌ಟಾಪ್ ತೆಗೆದೆ. ಎಲ್ಲ ಪಂದ್ಯಗಳಲ್ಲೂ ಮಾಡುವ ಹಾಗೆಯೇ ಮಾಡಿದೆ. ಎಂಜಿನ್ ಓಡುತ್ತಿರುವಾಗಲೇ ನಡೆಗಳನ್ನು ಆಟದ ಹಾಳೆ ನೋಡಿಕೊಂಡು ಒಂದೊಂದಾಗಿ ಕೊನೆಯವರೆಗೂ ತುಂಬಿಸಿದೆ. ಎಂಜಿನ್ ಎಂದರೆ ಚೆಸ್ ಲೆಕ್ಕ ಹಾಕುವ ಪ್ರೋಗ್ರಾಂ. ಯಾರ ಕೈ ಎಷ್ಟು ಮೇಲೆ ಎಂದು ಅಂಕ ಕೊಡುತ್ತದೆ, ಯಾವ ನಡೆ ಒಳ್ಳೆಯದು ಎಂದು ಸಾಲಾಗಿ ತೋರಿಸುತ್ತದೆ. ಆಮೇಲೆ ಹಿಂದಕ್ಕೆ ಹೋಗುವ ಬಾಣದ ಗುರುತಿನ ಕೀ ಒತ್ತುತ್ತಾ, ಒಂದೊಂದು ನಡೆಗೂ ಎರಡು ಮೂರು ಸೆಕೆಂಡ್ ನಿಲ್ಲುತ್ತಾ, ನೂರಮೂರರಿಂದ ನಲವತ್ತೊಂದಕ್ಕೆ ಬಂದೆ. ಎಲ್ಲರೂ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಯ ಮೊದಲ ಸಾಲಿನಲ್ಲಿ ಆಕೆಯ ನಡೆ ಬಂತು, ಪಕ್ಕದಲ್ಲಿ ಅಂಕ ಸೊನ್ನೆ. ಸೊನ್ನೆ ಎಂದರೆ ಆಟ ಸಮ.

ಹಿರಿಯರು ಕನ್ನಡಕ ತೆಗೆದು ಒರೆಸಿಕೊಂಡರು. ಕಾರ್ಯದರ್ಶಿಗಳು ವರದಿಯ ಹಾಳೆ ನನ್ನ ಮುಂದಿಟ್ಟರು, ನಾನು ಸಹಿ ಹಾಕಿದೆ. ತಾತ್ಕಾಲಿಕ ಅಮಾನತು, ಹನ್ನೆರಡು ದಿನ ಬಿಟ್ಟು ವಿಚಾರಣೆ, ಆರೋಪ ನಿಂತರೆ ಎರಡು ವರ್ಷ ನಿಷೇಧ, ತಂಡದ ಜಾಗ ಎದುರಾಳಿಗೆ, ಕಾರ್ಖಾನೆಗೊಂದು ಪತ್ರ. ಆಕೆ ಕಾಗದವನ್ನು ಎರಡು ಸಲ ಓದಿದಳು. ಕವರಿನಿಂದ ಫೋನ್ ತೆಗೆದುಕೊಂಡು ಹೋದಳು.

ಬುಧವಾರ ಮಧ್ಯಾಹ್ನ ಲ್ಯಾಬಿನಲ್ಲಿ ಕೂತೆ. ಕಾಲೇಜಿಗೆ ರಜೆ, ನಾನೊಬ್ಬಳೇ. ವಿಚಾರಣೆಗೆ ಚಿತ್ರ ಸಹಿತ ಅಚ್ಚುಕಟ್ಟಾದ ವರದಿ ಬೇಕೆಂದು ಕಾರ್ಯದರ್ಶಿಗಳು ಹೇಳಿದ್ದರು. ಇಡೀ ಆಟ ತುಂಬಿಸುವ ತಾಪತ್ರಯ ಯಾಕೆ ಎಂದು ನಲವತ್ತೊಂದನೆಯ ನಡೆಯ ಸ್ಥಿತಿಯನ್ನಷ್ಟೇ ಹೊಸದಾಗಿ ಜೋಡಿಸಿ ಅದೇ ಎಂಜಿನ್ ಓಡಿಸಿದೆ. ಮೊದಲ ಸಾಲಿನಲ್ಲಿ ಬಂದದ್ದು ಆನೆಯನ್ನು ಕಾಲಾಳಿನ ಹಿಂದೆ ಹಾಕುವ ನಡೆ. ಎರಡನೆಯದು ರಾಜನ ನಡೆ. ಆಕೆಯ ನಡೆ ನಾಲ್ಕನೆಯದು, ಅದೂ ಬಿಳಿಗೆ ಭಾರಿ ಮೇಲುಗೈ ಎಂಬ ಅಂಕದೊಂದಿಗೆ. ಯಾವುದೋ ಕಾಲಾಳನ್ನು ತಪ್ಪು ಮನೆಯಲ್ಲಿ ಇಟ್ಟಿರಬೇಕು ಎಂದುಕೊಂಡೆ. ಹಾಳೆಯೊಂದಿಗೆ ಮನೆ ಮನೆ ಹೋಲಿಸಿದೆ. ಎಲ್ಲ ಸರಿಯಾಗಿಯೇ ಇತ್ತು. ಐದು ನಿಮಿಷ ಬಿಟ್ಟೆ, ಆಕೆಯ ನಡೆ ಮೇಲೆ ಬರಲಿಲ್ಲ.

ಆಗ ಹೊಳೆಯಿತು. ಹೊಳೆದ ಮೇಲೆ ಹಣೆ ಹಣೆ ಚಚ್ಚಿಕೊಂಡೆ. ಎಂಜಿನ್ ಒಮ್ಮೆ ಲೆಕ್ಕ ಹಾಕಿದ್ದನ್ನು ಮರೆಯುವುದಿಲ್ಲ. ಪ್ರತಿ ಸ್ಥಿತಿಯ ಫಲಿತಾಂಶವನ್ನೂ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ, ಮತ್ತೆ ಬೇಕಾದಾಗ ಅಲ್ಲಿಂದಲೇ ತೆಗೆಯುತ್ತದೆ. ನಾನು ಭಾನುವಾರ ಅದಕ್ಕೆ ಆಟದ ಕೊನೆಯನ್ನು ಮೊದಲು ತೋರಿಸಿದ್ದೆ. ಕೋಟೆ ಬೀಳಲಿಲ್ಲ, ಆಟ ಸಮವಾಯಿತು ಎಂದು ಅದಕ್ಕೆ ಆಗಲೇ ಗೊತ್ತಿತ್ತು. ಹಿಂದಕ್ಕೆ ಒಂದೊಂದು ಹೆಜ್ಜೆ ಇಡುತ್ತಾ ಆ ಸೊನ್ನೆಯನ್ನು ನಾನೇ ನಲವತ್ತೊಂದರವರೆಗೆ ಹೊತ್ತು ತಂದಿದ್ದೆ. ಪ್ರಶ್ನೆಪತ್ರಿಕೆಯ ಜೊತೆಗೆ ಉತ್ತರವನ್ನೂ ಕೊಟ್ಟು, ನೋಡಿ ಎಷ್ಟು ಬೇಗ ಬರೆಯಿತು ಎಂದು ಬೆರಗಾದವರು ನಾವು. ಆ ಬೆರಗಿನ ಮೇಲೆ ಒಬ್ಬಳ ಎರಡು ವರ್ಷ ಕಿತ್ತುಕೊಳ್ಳಲು ಹೊರಟಿದ್ದೆವು. ಮೈಯೆಲ್ಲ ಉರಿದುಹೋಯಿತು, ಮೊದಲು ನನ್ನ ಮೇಲೆಯೇ.

ಉರಿದರೆ ಸಾಲದು, ತೋರಿಸಬೇಕಲ್ಲ. ಮಾರನೆಯ ದಿನದಿಂದ ಕ್ರಮವಾಗಿ ಕೆಲಸ ಶುರು ಮಾಡಿದೆ. ಒಂದೇ ಎಂಜಿನ್ನಿನ ಮಾತು ನಂಬಿ ಕೆಟ್ಟಿದ್ದಾಗಿತ್ತು, ಹಾಗಾಗಿ ಮೂರು ತೆಗೆದುಕೊಂಡೆ. ಮೊದಲನೆಯದು ನಾವು ಭಾನುವಾರ ಬಳಸಿದ್ದೇ, ಸೆಕೆಂಡಿಗೆ ಲಕ್ಷಗಟ್ಟಲೆ ಸ್ಥಿತಿ ನೋಡುವಂಥದ್ದು. ಎರಡನೆಯದು ತನ್ನ ಜೊತೆ ತಾನೇ ಆಡಿ ಆಡಿ ಕಲಿತದ್ದು; ಕಡಿಮೆ ನೋಡುತ್ತದೆ, ಆದರೆ ನೋಡಿದ್ದನ್ನು ಹೆಚ್ಚು ತೂಗುತ್ತದೆ. ಮೂರನೆಯದು ಹಳೆಯ ಕಾಲದ್ದು, ಮನುಷ್ಯರು ಬರೆದುಕೊಟ್ಟ ನಿಯಮಗಳಂತೆ ಕಾಯಿ ಎಣಿಸುವಂಥದ್ದು. ಮೂರಕ್ಕೂ ಒಂದೇ ಕಂಪ್ಯೂಟರ್, ಒಂದೇ ಅಳತೆಯ ಮೆಮೊರಿ. ಪ್ರತಿ ಸಲವೂ ಪ್ರೋಗ್ರಾಂ ಪೂರ್ತಿ ಮುಚ್ಚಿ, ಮೆಮೊರಿ ಖಾಲಿ ಮಾಡಿ, ಮತ್ತೆ ತೆರೆಯುವುದು. ನಾಲ್ಕು ನಿಮಿಷ ಆದಾಗ ಮೊದಲ ಸಲ ಬರೆದುಕೊಳ್ಳುವುದು, ಯಾಕೆಂದರೆ ಆಕೆ ಹೊರಗಿದ್ದದ್ದು ಅಷ್ಟೇ ಹೊತ್ತು. ಹನ್ನೊಂದು ನಿಮಿಷಕ್ಕೆ ಇನ್ನೊಮ್ಮೆ, ಒಂದು ಗಂಟೆಗೆ ಮತ್ತೊಮ್ಮೆ. ಈ ಎಂಜಿನ್ನುಗಳು ಒಂದೇ ಸ್ಥಿತಿಯನ್ನು ಎರಡು ಸಲ ಕೊಟ್ಟರೆ ಎರಡು ಸಲವೂ ಒಂದೇ ದಾರಿ ಹಿಡಿಯುವುದಿಲ್ಲ. ಅದಕ್ಕೇ ಪ್ರತಿಯೊಂದನ್ನೂ ಐದೈದು ಸಲ ಓಡಿಸಿದೆ. ಮಕ್ಕಳ ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕ ಒಂದು ಉಳಿದಿತ್ತು, ಅದರಲ್ಲೇ ಕೋಷ್ಟಕ ಗೀಚಿದೆ.

ಹಳೆಯ ಎಂಜಿನ್ನಿಗೆ ಆಕೆಯ ನಡೆ ಕೊನೆಯವರೆಗೂ ಅರ್ಥವಾಗಲಿಲ್ಲ. ಆನೆ ಹೋಯಿತು, ಆಟ ಹೋಯಿತು ಎಂದು ಒಂದೇ ಹಟ. ಮೊದಲನೆಯದು ನಾಲ್ಕು ನಿಮಿಷದಲ್ಲೂ ಹನ್ನೊಂದು ನಿಮಿಷದಲ್ಲೂ ಆನೆಯನ್ನು ಕಾಲಾಳಿನ ಹಿಂದೆಯೇ ಹಾಕಿತು. ಗಂಟೆಯ ಹೊತ್ತಿಗೆ ಆಕೆಯ ನಡೆ ಎರಡನೆಯ ಸಾಲಿಗೆ ಬಂದು ನಿಂತಿತು. ತಮಾಷೆಯೆಂದರೆ, ಅದು ಒಳ್ಳೆಯದೆಂದ ನಡೆಯನ್ನು ನಾನು ಆಡಿ ಮುಂದುವರಿಸಿದರೆ ಕಪ್ಪು ಸೋಲುತ್ತಿತ್ತು, ಅದೂ ನಿಧಾನವಾಗಿ, ಮರ್ಯಾದೆಯಿಂದ. ಆಕೆ ಅಂದು ಯಂತ್ರದ ಮಾತು ಕೇಳಿದ್ದರೆ ಸೋಲುತ್ತಿದ್ದಳು. ಇದನ್ನು ಬರೆದುಕೊಳ್ಳುವಾಗ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ.

ಎರಡನೆಯ ಎಂಜಿನ್ ಆ ಸಂತೋಷಕ್ಕೆ ತಣ್ಣೀರು ಎರಚಿತು. ಶನಿವಾರ ಅದರ ಮೂರನೆಯ ಓಟದಲ್ಲಿ, ಸುಮಾರು ನಲವತ್ತು ನಿಮಿಷಕ್ಕೆ, ಆಕೆಯ ನಡೆ ಮೊದಲ ಸಾಲಿಗೆ ಹಾರಿತು. ಹತ್ತು ನಿಮಿಷ ಅಲ್ಲೇ ಕೂತಿತ್ತು, ಆಮೇಲೆ ಮತ್ತೆ ಇಳಿಯಿತು. ಉಳಿದ ನಾಲ್ಕು ಓಟದಲ್ಲಿ ಹಾಗಾಗಲಿಲ್ಲ. ನಾನು ಪೆನ್ ಹಿಡಿದು ಸುಮ್ಮನೆ ಕೂತೆ. ಆ ಒಂದು ಸಾಲು ಬಿಟ್ಟುಬಿಟ್ಟರೆ ಕೋಷ್ಟಕ ಲಕಲಕ ಹೊಳೆಯುತ್ತಿತ್ತು. ಯಾರೂ ನೋಡಿರಲಿಲ್ಲ. ಆದರೆ ಅರೆಬರೆ ನೋಡಿಯೇ ತಾನೇ ಭಾನುವಾರ ಆ ಕೆಲಸ ಮಾಡಿದ್ದು? ಬರೆದೆ. ಕೆಂಪು ಪೆನ್ನಿನಲ್ಲಿ ಬರೆದೆ.

ಭಾನುವಾರ ಬೆಳಿಗ್ಗೆ ಪುಸ್ತಕ ಹಿಡಿದುಕೊಂಡು ಹಿರಿಯರ ಮನೆಗೆ ಹೋದೆ. ಕಾಫಿ ಬಂತು. ಅವರು ಕೋಷ್ಟಕವನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಓದಿದರು, ಕೆಂಪು ಸಾಲಿನ ಮೇಲೆ ಬೆರಳಿಟ್ಟು ಇದೇನು ಎಂದರು. ಹೇಳಿದೆ. ನಿನ್ನ ಸಾಕ್ಷಿಯೇ ನಿನಗೆ ತಿರುಗಿ ಬೀಳುತ್ತದಲ್ಲಮ್ಮ ಎಂದರು. ಮನುಷ್ಯ ಕೆಟ್ಟವರಲ್ಲ, ಇವತ್ತಿಗೂ ನಾನು ಹಾಗೆ ಹೇಳುವುದಿಲ್ಲ. ಅವರಿಗೆ ಇದ್ದದ್ದು ಇನ್ನೊಂದು ಭಯ. ಮೂವರು ಸಹಿ ಹಾಕಿದ ವರದಿಯನ್ನು ನಾವೇ ತಪ್ಪೆಂದರೆ ಹಿಂದಿನ ವರ್ಷಗಳ ತೀರ್ಪುಗಳನ್ನೂ ಜನ ಕೆದಕುತ್ತಾರೆ, ಸಂಘದ ಮಾನ ಬೀದಿಗೆ ಬರುತ್ತದೆ ಎಂದರು. ನನ್ನ ತೀರ್ಪುಗಾರ್ತಿಯ ಬ್ಯಾಡ್ಜೂ ಹೋಗಬಹುದು ಎಂದು ನೆನಪಿಸಿದರು. ಅವರ ಯೋಜನೆ ಆಗಲೇ ಸಿದ್ಧವಿತ್ತು: ವಿಚಾರಣೆಯಲ್ಲಿ ಎರಡು ವರ್ಷವನ್ನು ಆರು ತಿಂಗಳಿಗೆ ಇಳಿಸುವುದು, ಕಾರ್ಖಾನೆಗೆ ಪತ್ರ ಹಾಕದಿರುವುದು.

"ಸುಮ್ಮನಿರಮ್ಮ ನೀನು," ಎಂದರು. "ಆ ಹುಡುಗಿಗೆ ಕಷ್ಟ ಆಗದ ಹಾಗೆ ನಾನು ನೋಡ್ಕೋತೀನಿ."

"ಆರು ತಿಂಗಳು ಯಾಕೆ ಸಾರ್? ಏನು ಮಾಡಿದ್ದಕ್ಕೆ?"

ಕಾಫಿ ಆರುತ್ತಿದೆ ಎಂದರು. ನಾನು ಕುಡಿದು, ಲೋಟ ಕೆಳಗಿಟ್ಟು, ನನ್ನ ಸಹಿ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ ಎಂದು ಬರೆದು ತಂದಿದ್ದ ಪತ್ರವನ್ನು ಪುಸ್ತಕದೊಳಗಿಂದ ತೆಗೆದು ಅವರ ಟೀಪಾಯಿಯ ಮೇಲೆ ಇಟ್ಟೆ. ಬರುವಾಗ ಅದನ್ನು ಕೊಡಬೇಕೋ ಬೇಡವೋ ಎಂದು ಇನ್ನೂ ತೀರ್ಮಾನಿಸಿರಲಿಲ್ಲ. ಆರು ತಿಂಗಳು ಎಂಬ ಮಾತು ಕೇಳಿದ ಮೇಲೆ ತೀರ್ಮಾನಿಸುವುದಕ್ಕೆ ಏನೂ ಉಳಿಯಲಿಲ್ಲ. ಅವರು ಪತ್ರ ಮುಟ್ಟಲಿಲ್ಲ. ಗೇಟಿನವರೆಗೆ ಬಂದು ಬೀಳ್ಕೊಡುವುದು ಅವರ ಪದ್ಧತಿ, ಅಂದು ಬರಲಿಲ್ಲ. ರಸ್ತೆಗೆ ಬಂದಾಗ ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ವಿಚಾರಣೆ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ, ಸಂಘದ ಕಚೇರಿಯಲ್ಲಿ. ಹಿರಿಯರು ಅಧ್ಯಕ್ಷರು, ಕಾರ್ಯದರ್ಶಿಗಳು ಒಬ್ಬ ಸದಸ್ಯರು, ಬೇರೆ ಜಿಲ್ಲೆಯಿಂದ ಬಂದ ಒಬ್ಬ ತೀರ್ಪುಗಾರರು ಮೂರನೆಯ ಸದಸ್ಯರು. ಒಂದು ಬದಿಗೆ ಎದುರಾಳಿ, ಇನ್ನೊಂದು ಬದಿಗೆ ಆಕೆ. ಬೆಳಗಿನ ಪಾಳಿ ಬಿಟ್ಟು ಬಂದಿದ್ದಳು, ಕಾರ್ಖಾನೆಯ ಸಮವಸ್ತ್ರದಲ್ಲೇ ಇದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು. ತಿರುಗಿಸಲೇಬೇಕಿತ್ತು.

ನಾನು ಮೊದಲು ಭಾನುವಾರದ ಹಾಗೆಯೇ ಮಾಡಿ ತೋರಿಸಿದೆ. ಕೊನೆಯಿಂದ ಹಿಂದಕ್ಕೆ ಬಂದೆ, ಆಕೆಯ ನಡೆ ಮೇಲೆ, ಅಂಕ ಸೊನ್ನೆ. ಪ್ರೋಗ್ರಾಂ ಮುಚ್ಚಿ ತೆರೆದೆ, ಸ್ಥಿತಿಯನ್ನಷ್ಟೇ ಇಟ್ಟೆ, ನಾಲ್ಕು ನಿಮಿಷ ಎಲ್ಲರೂ ಗಡಿಯಾರ ನೋಡಿದೆವು. ಆಕೆಯ ನಡೆ ಮೇಲೆ ಬರಲಿಲ್ಲ. ಕೋಷ್ಟಕದ ಪ್ರತಿಗಳನ್ನು ಹಂಚಿದೆ. ಕಾರ್ಯದರ್ಶಿಗಳು ನೇರವಾಗಿ ಕೆಂಪು ಸಾಲಿಗೇ ಕೈ ಹಾಕಿದರು. ಇಲ್ಲಿ ಬಂದಿದೆಯಲ್ಲ ಎಂದರು. ನಲವತ್ತು ನಿಮಿಷಕ್ಕೆ, ನನ್ನ ಲ್ಯಾಬಿನ ದೊಡ್ಡ ಕಂಪ್ಯೂಟರಿನಲ್ಲಿ, ಐದರಲ್ಲಿ ಒಂದು ಸಲ ಬಂದಿದೆ, ಆಕೆ ಹೊರಗಿದ್ದದ್ದು ನಾಲ್ಕು ನಿಮಿಷ ಎಂದೆ. ಬಂದದ್ದಂತೂ ನಿಜ ತಾನೇ ಎಂದರು ಎದುರಾಳಿ. ಮೆಮೊರಿ, ಖಾಲಿ ಮಾಡುವುದು, ಇದೆಲ್ಲ ನಮಗೆ ತಿಳಿಯದ ಕಂಪ್ಯೂಟರ್ ಮಾತು ಎಂದು ಕಾರ್ಯದರ್ಶಿಗಳು ಕಾಗದ ಮಡಿಸತೊಡಗಿದರು. ಮಾತು ಕೈತಪ್ಪುತ್ತಿತ್ತು.

ಹಿರಿಯರಿಗೊಂದು ಹೆಸರಾದ ಆಟವಿದೆ. ಮೈಸೂರಿನಲ್ಲಿ ಬೀದಿಗೊಂದು ಫೋನ್ ಇದ್ದರೆ ಹೆಚ್ಚು ಅನ್ನುವ ಕಾಲದಲ್ಲಿ ಆಡಿದ್ದು. ಇಪ್ಪತ್ತೊಂಬತ್ತನೆಯ ನಡೆಯಲ್ಲಿ, ಎಲ್ಲ ಬಿಟ್ಟು, ರಾಜನನ್ನು ಒಂದು ಮನೆ ಹಿಂದಕ್ಕೆ ಸರಿಸಿದ್ದರು. ಯಾಕೆಂದು ಹದಿನೈದು ನಡೆಯ ನಂತರವೇ ಎದುರಿಗಿದ್ದವರಿಗೆ ತಿಳಿಯಿತಂತೆ. ಬೇಸಿಗೆ ಶಿಬಿರಗಳಲ್ಲಿ ಗೋಡೆಗೆ ತೂಗುಹಾಕಿದ ಹಲಗೆಯ ಮೇಲೆ ಆ ಆಟವನ್ನು ಅವರು ಎಷ್ಟು ಸಲ ತೋರಿಸಿದ್ದಾರೋ ಲೆಕ್ಕವಿಲ್ಲ, ನನಗೆ ಬಾಯಿಪಾಠ. ಅದನ್ನು ಗುರುವಾರವೇ ಲ್ಯಾಬಿನಲ್ಲಿ ಪರೀಕ್ಷಿಸಿದ್ದೆ. ಬೇಕಾದೀತೆಂದು ಇಟ್ಟುಕೊಂಡಿದ್ದೆ, ಬಳಸುವ ಮನಸ್ಸಿರಲಿಲ್ಲ. ಗುರುವಿನ ಆಟವನ್ನು ಗುರುವಿನ ಎದುರಿಗೇ ಇಡುವುದು ಸಣ್ಣ ಮಾತಲ್ಲ.

ಇಟ್ಟೆ. ಏನೂ ಹೇಳದೆ ನಡೆಗಳನ್ನು ತುಂಬಿಸುತ್ತಾ ಹೋದೆ. ಹತ್ತನೆಯ ನಡೆಗೇ ಅವರಿಗೆ ಗೊತ್ತಾಯಿತು, ಕುರ್ಚಿಯಲ್ಲಿ ನೆಟ್ಟಗೆ ಕೂತರು. ಕೊನೆ ಮುಟ್ಟಿ ಹಿಂದಕ್ಕೆ ಬಂದೆ. ಇಪ್ಪತ್ತೊಂಬತ್ತನೆಯ ನಡೆಯಲ್ಲಿ ಎರಡೇ ಸೆಕೆಂಡಿಗೆ ಪರದೆಯ ತುದಿಯಲ್ಲಿ ಬಂದು ನಿಂತಿತು: ರಾಜ ಒಂದು ಮನೆ ಹಿಂದಕ್ಕೆ.

"ಸಾರ್," ಎಂದೆ, "ಅವತ್ತು ನೀವು ಫೋನ್ ಎಲ್ಲಿ ಬಚ್ಚಿಟ್ಟಿದ್ರಿ?"

ಕಾರ್ಯದರ್ಶಿಗಳು ಏನಮ್ಮ ಇದು ಮರ್ಯಾದೆ ಇಲ್ಲದ ಮಾತು ಎಂದು ಎದ್ದೇಬಿಟ್ಟರು. ಹಿರಿಯರು ಅವರ ತೋಳು ಹಿಡಿದು ಕೂರಿಸಿದರು. ಎದ್ದು ಬಂದು ನನ್ನ ಪಕ್ಕದ ಕುರ್ಚಿ ಎಳೆದುಕೊಂಡರು. ಮೆಮೊರಿ ಖಾಲಿ ಮಾಡುವುದು ಹೇಗೆ ಎಂದು ಕೇಳಿದರು, ತೋರಿಸಿದೆ. ತಮ್ಮ ಕೈಯಿಂದಲೇ ಪ್ರೋಗ್ರಾಂ ಮುಚ್ಚಿ, ತೆರೆದು, ಇಪ್ಪತ್ತೊಂಬತ್ತನೆಯ ನಡೆಯ ಸ್ಥಿತಿಯನ್ನು ಒಂದೊಂದೇ ಕಾಯಿಯಾಗಿ ಜೋಡಿಸಿದರು. ನಾಲ್ಕು ನಿಮಿಷ ಕಾದರು. ಎಂಜಿನ್ ಅವರ ನಡೆಯನ್ನು ಮೊದಲ ಐದರಲ್ಲೂ ಸೇರಿಸಲಿಲ್ಲ. ಅವರು ಪರದೆಯನ್ನೇ ನೋಡುತ್ತಾ, ಇದಕ್ಕೆ ಗೊತ್ತಾಗಲ್ಲ, ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಹೊರಗಿನಿಂದ ಬಂದ ಸದಸ್ಯರು ಆಕೆಯ ಕಡೆ ತಿರುಗಿ, ನೀವು ಯಾಕೆ ಆ ನಡೆ ಆಡಿದಿರಿ ಎಂದು ಕೇಳಿದರು. ಆ ಹನ್ನೆರಡು ದಿನದಲ್ಲಿ ಆಕೆಗೆ ಆ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಅವರು. ನನಗೆ ತಲೆ ಎತ್ತಲಾಗಲಿಲ್ಲ. ಮೂರು ಎಂಜಿನ್ನುಗಳನ್ನು ಹಗಲೆಲ್ಲ ಕೇಳಿದ್ದೆ. ಆಕೆಯನ್ನು ಕೇಳಿರಲಿಲ್ಲ.

ಆಕೆ ಮೇಜಿನ ಮೇಲಿದ್ದ ಹಲಗೆ ಎಳೆದುಕೊಂಡು ಕಾಯಿ ಜೋಡಿಸಿದಳು. ಆನೆ ಕಾಲಾಳಿನ ಹಿಂದೆ ಹೋದರೆ ಹೇಗೆ ಸೋಲುತ್ತೇನೆ ಎಂದು ಮೊದಲು ತೋರಿಸಿದಳು. ಆಮೇಲೆ ಆನೆ ಕೊಟ್ಟ ಮೇಲಿನ ಸ್ಥಿತಿ ಇಟ್ಟು, ಬಿಳಿಯ ರಾಜ ಒಳಗೆ ಬರಬಹುದಾದ ಮನೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟಳು. ಆರು ಮನೆ. ಆರೂ ಒಂಟೆಯ ಬಣ್ಣ. ದಿನವಿಡೀ ಬಿಡಿಭಾಗಗಳ ಸಂದು ಅಳೆಯುವವಳು, ಎಲ್ಲಿ ಏನು ತೂರುತ್ತದೆ, ಎಲ್ಲಿ ತೂರುವುದಿಲ್ಲ ಎಂದು ನೋಡುವುದೇ ಆಕೆಯ ಕೆಲಸ. ಹಾಗಿದ್ದರೆ ಬಾತ್‌ರೂಮಿಗೆ ಯಾಕೆ ಹೋದಿರಿ ಎಂದು ಕಾರ್ಯದರ್ಶಿಗಳು ಕೇಳಿದರು.

"ಮುಖ ತೊಳ್ಕಳಕ್ಕೆ ಸಾರ್. ಲೆಕ್ಕ ಆಗ್ಬುಟ್ಟಿತ್ತು. ಆನೆ ಕೊಡಕ್ಕೆ ಧೈರ್ಯ ಬರ್ಬೇಕಿತ್ತಲ್ಲ, ಅದುಕ್ಕೇ."

ಎದುರಾಳಿ ಹಲಗೆಯ ಮೇಲಿನ ಆ ಆರು ಮನೆಗಳನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ನನ್ನ ದೂರು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದರು, ಯಾರ ಮುಖವನ್ನೂ ನೋಡದೆ. ಅದಕ್ಕೂ ಧೈರ್ಯ ಬೇಕು, ನಾನು ಒಪ್ಪುತ್ತೇನೆ.

ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಕಾರ್ಯದರ್ಶಿಗಳು ಆದೇಶ ಬರೆಯತೊಡಗಿ, ಆಟಗಾರ್ತಿಗೆ ಸಂಶಯದ ಲಾಭ ನೀಡಿ ಆರೋಪ ಕೈಬಿಡಲಾಗಿದೆ ಎಂದು ಓದಿದರು. ನಾನು ತಡೆದೆ. ಯಾರಿಗೆ ಸಂಶಯ, ಯಾವುದರ ಸಂಶಯ ಎಂದೆ. ಇದು ವಾಡಿಕೆಯ ಮಾತು, ಇದರಲ್ಲೇನಿದೆ ಎಂದರು. ವಾಡಿಕೆಯಿಂದಲೇ ಇಲ್ಲಿಗೆ ಬಂದು ಕೂತಿದ್ದೇವೆ ಸಾರ್, ಪರೀಕ್ಷೆಯ ವಿಧಾನವೇ ತಪ್ಪು, ಆ ತಪ್ಪು ಮಾಡಿದ್ದು ನಾನು ಎಂದು ಬರೆಯಿರಿ ಎಂದೆ. ಹಾಗೆ ಬರೆದರೆ ನಿಮ್ಮ ಮೇಲೆ ಕ್ರಮ ತೆಗೆದುಕೊಳ್ಳಬೇಕಾಗುತ್ತದೆ ಎಂದು ಪೆನ್ನು ತೋರಿಸಿ ಹೇಳಿದರು. ತೆಗೆದುಕೊಳ್ಳಿ, ನಾನೇನು ಓಡಿಹೋಗುತ್ತೇನೆಯೇ ಎಂದೆ. ಅಷ್ಟರಲ್ಲಿ ಆಕೆ ಎದ್ದು ನಿಂತಳು.

"ನಂಗೆ ಲಾಭ ಗೀಭ ಏನೂ ಬ್ಯಾಡಿ ಸಾರ್. ತಪ್ಪು ಮಾಡಿಲ್ಲ ಅಂತ ಬರೀರಿ. ಅಂಗೆ ಬರೆಯಕ್ಕಾಗಲ್ಲ ಅಂದ್ರೆ ಎರಡು ವರ್ಷಾನೇ ಹಾಕ್ಬುಡಿ."

ಹಿರಿಯರು ಕಾರ್ಯದರ್ಶಿಗಳ ಕೈಯಿಂದ ಹಾಳೆ ತೆಗೆದುಕೊಂಡು, ಹೊಸ ಹಾಳೆ ಕೇಳಿ, ತಾವೇ ಬರೆದರು. ಬರೆಯಲು ಬಹಳ ಹೊತ್ತು ತೆಗೆದುಕೊಂಡರು. ಆಟಗಾರ್ತಿ ಯಾವ ತಪ್ಪನ್ನೂ ಮಾಡಿಲ್ಲ, ತಂಡದಲ್ಲಿ ಆಕೆಯ ಸ್ಥಾನ ಆಕೆಯದೇ, ತಪ್ಪು ತೀರ್ಪುಗಾರರದು ಎಂದು ಬರೆದು ಸಹಿ ಹಾಕಿದರು. ಇನ್ನು ಮುಂದೆ ಆಟವನ್ನು ಕೊನೆಯಿಂದ ಹಿಂದಕ್ಕೆ ನೋಡಿ ಯಾರ ಮೇಲೂ ಆರೋಪ ಹೊರಿಸುವಂತಿಲ್ಲ, ಆಟಗಾರರನ್ನು ಮೊದಲು ಕೇಳಬೇಕು ಎಂಬ ಎರಡು ಸಾಲು ಕೆಳಗೆ ಸೇರಿಸಿದರು. ಕೊನೆಯಲ್ಲಿ ನನಗೆ ಮೂರು ತಿಂಗಳ ಅಮಾನತು. ಮುಖ್ಯ ತೀರ್ಪುಗಾರರಾಗಿ ಅಂದು ತಾವೂ ಅಲ್ಲೇ ಇದ್ದೆವೆಂದು ತಮಗೂ ಮೂರು ತಿಂಗಳು ಬರೆದುಕೊಂಡರು. ನಾನು ಓದಿ ಸಹಿ ಹಾಕಿದೆ. ಸಹಿ ಹಾಕುವ ಮುಂಚೆ ಎರಡು ಸಲ ಓದಿದೆ.

ಆಕೆ ಮೆಟ್ಟಿಲಿಳಿದು ಗೇಟಿನ ಬಳಿ ನಿಂತು ಆಟೋ ನೋಡುತ್ತಿದ್ದಳು. ಮಧ್ಯಾಹ್ನದ ಪಾಳಿಗೆ ಹೋಗಬೇಕೇನೋ. ನಾನು ಹತ್ತಿರ ಹೋದೆ. ಲ್ಯಾಬಿನಲ್ಲಿ ಮಾಡಿದ್ದು, ಹಿರಿಯರ ಮನೆಗೆ ಹೋದದ್ದು, ಒಂದೂ ಹೇಳಬೇಕೆನಿಸಲಿಲ್ಲ.

"ತಪ್ಪಾಯ್ತು ಕಣಮ್ಮ," ಎಂದೆ.

ಆಕೆ ನನ್ನನ್ನು ನೇರವಾಗಿ ನೋಡಿದಳು. ಕ್ಷಮಿಸಿದಂತೆಯೂ ಇರಲಿಲ್ಲ, ಜಗಳ ಕಾಯುವಂತೆಯೂ ಇರಲಿಲ್ಲ. ಮುಂದಿನ ಪಂದ್ಯದಲ್ಲಿ ನನ್ನ ಮೇಜಿಗೆ ನೀವೇ ತೀರ್ಪುಗಾರ್ತಿಯಾಗಿ ಬರಬೇಕು, ನಾನು ಆಡುವಾಗ ಎದುರಿಗೇ ನಿಂತು ನೋಡಬೇಕು ಎಂದಳು. ಮೂರು ತಿಂಗಳು ನಾನು ಬರುವ ಹಾಗಿಲ್ಲವಲ್ಲ, ಈಗಷ್ಟೇ ಬರೆದರಲ್ಲ ಎಂದೆ. ಆಟೋ ಬಂದು ನಿಂತಿತು.

"ನಾಕ್ನೇ ತಿಂಗಳು ಬನ್ನಿ ಮೇಡಂ," ಎಂದು ಹತ್ತಿ ಕೂತಳು.